ಡೆಕಾರ್ಡ್ ಮನುಷ್ಯನೋ ಅಲ್ಲವೋ: ಹೇಳುವ ಹಕ್ಕು ಯಾರದು

'ಬ್ಲೇಡ್ ರನ್ನರ್' ಚಿತ್ರ 1982ರ ಜೂನ್ ತಿಂಗಳಲ್ಲಿ ತೆರೆಕಂಡಿತು. 1992ರಲ್ಲಿ ಅದರ ಹೊಸ ಆವೃತ್ತಿ ಬಂದ ಮೇಲೆ ಬಲಿತು, ಇಂದಿಗೂ ತಣ್ಣಗಾಗದ ಒಂದು ವಾದ ಆ ಚಿತ್ರದ ಅಭಿಮಾನಿಗಳ ನಡುವೆ ನಡೆದೇ ಇದೆ. ತಪ್ಪಿಸಿಕೊಂಡು ಭೂಮಿಗೆ ಬಂದ ಕೃತಕ ಮಾನವರನ್ನು, ಎಂದರೆ ರೆಪ್ಲಿಕಂಟ್‌ಗಳನ್ನು, ಪತ್ತೆ ಹಚ್ಚಿ ಕೊಲ್ಲುವುದನ್ನೇ ಉದ್ಯೋಗ ಮಾಡಿಕೊಂಡಿರುವ ರಿಕ್ ಡೆಕಾರ್ಡ್ ತಾನೇ ಒಬ್ಬ ರೆಪ್ಲಿಕಂಟ್ ಇರಬಹುದೇ ಎಂಬುದು ಆ ವಾದದ ವಿಷಯ. ವಾದ ಬಿಸಿಯೇರಿದಾಗ ಎರಡು ಮಾತುಗಳು ಖಂಡಿತವಾಗಿಯೂ ಬರುತ್ತವೆ. ಒಂದು, "ನಿರ್ದೇಶಕರೇ ಹೇಳಿಬಿಟ್ಟಿದ್ದಾರೆ, ಇನ್ನೇನು ಚರ್ಚೆ" ಎಂಬುದು. ಇನ್ನೊಂದು, "ನೀವು ಹೇಳುತ್ತಿರುವ ಆವೃತ್ತಿ ಕ್ಯಾನನ್ ಅಲ್ಲ", ಎಂದರೆ ಅಧಿಕೃತ ಕಥೆಯಲ್ಲ, ಎಂಬುದು. ಈ ಎರಡೂ ಮಾತುಗಳನ್ನು ಆಡುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಎರಡೂ ಮಾತುಗಳು ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಯಾಕೆ ಹಾಗೆ ಎಂಬುದನ್ನು ಚಿತ್ರದೊಳಗಿನಿಂದಲೇ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ತೆರೆಯ ಮೇಲೆ ಏನಿದೆ ಎಂದು ನೋಡೋಣ. ಡೆಕಾರ್ಡ್ ತನ್ನ ಮನೆಯಲ್ಲಿ ಹಳೆಯ ಫೋಟೋಗಳನ್ನು ಜೋಡಿಸಿಟ್ಟ ಪಿಯಾನೋದ ಮುಂದೆ ಕುಳಿತಿದ್ದಾನೆ. ಕುಡಿದ ಮಂಪರಿನಲ್ಲಿ ಅವನಿಗೆ ಒಂದು ಕ್ಷಣ ಯೂನಿಕಾರ್ನ್ ಕಾಣುತ್ತದೆ: ಹಣೆಯ ಮೇಲೆ ಒಂಟಿ ಕೊಂಬಿರುವ ಬಿಳಿಯ ಕುದುರೆ ಮರಗಳ ನಡುವೆ ಓಡಿಬರುತ್ತದೆ. ಚಿತ್ರದ ಕೊನೆಯಲ್ಲಿ, ತಾನು ಪ್ರೀತಿಸುವ ರೆಪ್ಲಿಕಂಟ್ ರೇಚಲ್‌ಳನ್ನು ಕರೆದುಕೊಂಡು ಅವನು ಮನೆಯಿಂದ ಹೊರಡುವಾಗ ಅವಳ ಕಾಲಿಗೆ ತಾಗಿ ಒಂದು ಕಾಗದದ ಬೊಂಬೆ ಉರುಳುತ್ತದೆ. ಅವನು ಅದನ್ನು ಎತ್ತಿ ನೋಡುತ್ತಾನೆ. ಅದು ಬೆಳ್ಳಿಬಣ್ಣದ ಹಾಳೆಯಲ್ಲಿ ಮಡಿಸಿದ ಯೂನಿಕಾರ್ನ್. ಅದನ್ನು ಅಲ್ಲಿ ಬಿಟ್ಟುಹೋದವನು ಚಿತ್ರದುದ್ದಕ್ಕೂ ಕೈಗೆ ಸಿಕ್ಕ ಕಾಗದವನ್ನೋ ಬೆಂಕಿಕಡ್ಡಿಯನ್ನೋ ಬೊಂಬೆಯಾಗಿಸುತ್ತಾ ಕೂರುವ ಪೊಲೀಸ್ ಅಧಿಕಾರಿ ಗ್ಯಾಫ್. ಡೆಕಾರ್ಡ್ ಯಾರಿಗೂ ಹೇಳಿಕೊಳ್ಳದ ಕನಸು ಗ್ಯಾಫ್‌ಗೆ ಹೇಗೆ ತಿಳಿಯಿತು? ರೇಚಲ್‌ಳ ಬಾಲ್ಯದ ನೆನಪುಗಳು ಡೆಕಾರ್ಡ್‌ಗೆ ತಿಳಿದಿದ್ದದ್ದು ಅವು ಅವಳೊಳಗೆ ತುಂಬಿಸಿದ ನೆನಪುಗಳಾಗಿದ್ದರಿಂದ. ಕಿಟಕಿಯಾಚೆಯ ಪೊದೆಯಲ್ಲಿದ್ದ ಜೇಡ, ಅದರ ಮೊಟ್ಟೆ, ಮೊಟ್ಟೆಯೊಡೆದು ಬಂದು ತಾಯಿಯನ್ನೇ ತಿಂದ ಮರಿಗಳು, ಇವೆಲ್ಲವನ್ನೂ ಅವನು ಅವಳ ಮುಖದೆದುರಿಗೇ ಹೇಳಿ ಅವಳನ್ನು ಕುಸಿಯುವಂತೆ ಮಾಡಿದ್ದ. ಅದೇ ತರ್ಕವನ್ನು ಕೊನೆಯ ದೃಶ್ಯಕ್ಕೆ ಅನ್ವಯಿಸಿದರೆ ಡೆಕಾರ್ಡ್‌ನ ಕನಸೂ ಯಾವುದೋ ಕಡತದಲ್ಲಿದೆ, ಗ್ಯಾಫ್ ಅದನ್ನು ಓದಿದ್ದಾನೆ ಎಂದಾಗುತ್ತದೆ.

ಈ ಪುರಾವೆ ನಿಜಕ್ಕೂ ಗಟ್ಟಿಯಾದದ್ದು. ಅದನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. 1982ರಲ್ಲಿ ಚಿತ್ರಮಂದಿರಗಳಲ್ಲಿ ತೋರಿಸಿದ ಆವೃತ್ತಿಯಲ್ಲಿ ಕಾಗದದ ಯೂನಿಕಾರ್ನ್ ಇತ್ತು, ಕನಸು ಇರಲಿಲ್ಲ. ಕನಸಿಲ್ಲದೆ ಆ ಬೊಂಬೆಯನ್ನು ನೋಡಿದ ಪ್ರೇಕ್ಷಕನಿಗೆ ಅದು ಹೇಳುತ್ತಿದ್ದುದು ಇಷ್ಟೇ: ಗ್ಯಾಫ್ ಇಲ್ಲಿಗೆ ಬಂದಿದ್ದ, ಮಲಗಿದ್ದ ರೇಚಲ್‌ಳನ್ನು ಕಂಡಿದ್ದ, ಕೊಲ್ಲದೆ ಹೋದ. ಜಗತ್ತಿನಲ್ಲಿ ಇರಲಾರದ, ಯಾರೋ ಕಲ್ಪಿಸಿಕೊಂಡ ಚೆಲುವಾದ ಪ್ರಾಣಿಯ ರೂಪವೆಂದರೆ ಅದು ರೇಚಲ್‌ಳ ರೂಪ ಎಂದು ಓದಲಿಕ್ಕೂ ಅವಕಾಶವಿತ್ತು. 1992ರ ಆವೃತ್ತಿಯಲ್ಲಿ ಕನಸಿನ ಕೆಲವೇ ಸೆಕೆಂಡುಗಳ ಒಂದು ತುಣುಕು ಸೇರಿದ ಕೂಡಲೇ ಅದೇ ಕಾಗದ, ಅದೇ ಮಡಿಕೆ, ಅದೇ ನಟನ ಅದೇ ತಲೆಯಾಡಿಸುವಿಕೆ ಬೇರೆಯೇ ಅರ್ಥ ಪಡೆದುಕೊಂಡವು. ಆ ತುಣುಕನ್ನು ನಿರ್ದೇಶಕ ರಿಡ್ಲಿ ಸ್ಕಾಟ್ ಆಮೇಲೆ ಮಾಡಿದ ಬೇರೊಂದು ಚಿತ್ರದಿಂದ ತಂದದ್ದು ಎಂಬ ಮಾತು ಬಹಳ ಕಾಲ ಹರಡಿತ್ತು. ಅದು ಸರಿಯಲ್ಲ. ಅದನ್ನು ಚಿತ್ರಿಸಿದ್ದು 'ಬ್ಲೇಡ್ ರನ್ನರ್'ಗಾಗಿಯೇ. ಹಾಗಾಗಿ ಸ್ಕಾಟ್ ಮನಸ್ಸಿನಲ್ಲಿ ಈ ವಿಚಾರ ಮೊದಲಿನಿಂದಲೂ ಇತ್ತು ಎನ್ನುವುದಕ್ಕೆ ಅದು ಆಧಾರವಾಗುತ್ತದೆ. ಅದನ್ನು ನಾನು ಒಪ್ಪುತ್ತೇನೆ.

ಈಗ ಇನ್ನೊಂದು ಪುರಾವೆಯನ್ನು ನೋಡಿ. ಪೊಲೀಸ್ ಮುಖ್ಯಸ್ಥ ಬ್ರಯಂಟ್ ಡೆಕಾರ್ಡ್‌ಗೆ ಕೆಲಸ ಒಪ್ಪಿಸುವಾಗ ಆರು ರೆಪ್ಲಿಕಂಟ್‌ಗಳು ತಪ್ಪಿಸಿಕೊಂಡು ಬಂದಿವೆ, ಅವುಗಳಲ್ಲಿ ಒಂದು ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕಿ ಸುಟ್ಟುಹೋಯಿತು ಎನ್ನುತ್ತಾನೆ. ಉಳಿಯಬೇಕಾದದ್ದು ಐದು. ಚಿತ್ರದಲ್ಲಿ ಡೆಕಾರ್ಡ್ ಹುಡುಕುವುದು ಮಾತ್ರ ರಾಯ್ ಬ್ಯಾಟಿ, ಲಿಯೋನ್, ಜೋರಾ, ಪ್ರಿಸ್ ಎಂಬ ನಾಲ್ವರನ್ನು. ಹಾಗಾದರೆ ಆ ಐದನೆಯವನು ಯಾರು? ಅವನೇ ಡೆಕಾರ್ಡ್, ಹಿಡಿದು ತಂದು ನೆನಪು ಅಳಿಸಿ ಬೇರೆ ನೆನಪು ತುಂಬಿ ಸ್ವಂತ ಬಳಗದ ಮೇಲೆಯೇ ಬಿಟ್ಟಿದ್ದಾರೆ ಎಂದು ಅಭಿಮಾನಿಗಳು ಎಷ್ಟೋ ವರ್ಷ ವಾದಿಸಿದರು. ಎಷ್ಟು ಸೊಗಸಾದ ಊಹೆ! ವಸ್ತುಸ್ಥಿತಿ ಮಾತ್ರ ಬೇರೆ. ಚಿತ್ರಕಥೆಯಲ್ಲಿ ಮೇರಿ ಎಂಬ ಇನ್ನೊಂದು ರೆಪ್ಲಿಕಂಟ್ ಪಾತ್ರವಿತ್ತು, ಹಣದ ಅಭಾವದಿಂದ ಅದನ್ನು ಕೈಬಿಟ್ಟರು, ಬ್ರಯಂಟ್‌ನ ಮಾತಿನಲ್ಲಿದ್ದ ಲೆಕ್ಕ ಹಾಗೆಯೇ ಉಳಿದುಕೊಂಡಿತು. ಸ್ಕಾಟ್ ಕೊನೆಯದಾಗಿ ಸಿದ್ಧಪಡಿಸಿದ ಆವೃತ್ತಿಯಾದ 2007ರ 'ಫೈನಲ್ ಕಟ್'ನಲ್ಲಿ ಆ ಮಾತನ್ನು ತಿದ್ದಿ ಎರಡು ಸುಟ್ಟುಹೋದವು ಎಂದು ಮಾಡಲಾಯಿತು. ಡೆಕಾರ್ಡ್ ರೆಪ್ಲಿಕಂಟ್ ಎಂದು ನಂಬುವ ನಿರ್ದೇಶಕರೇ ತಮ್ಮ ಪಕ್ಷಕ್ಕೆ ಅನುಕೂಲವಾಗಿದ್ದ ಈ ಊರುಗೋಲನ್ನು ಕಿತ್ತುಹಾಕಿದರು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅವರು ಉದ್ದೇಶಿಸಿದ್ದು ಯಾವುದು, ಉದ್ದೇಶಿಸದೆ ಬಂದದ್ದು ಯಾವುದು ಎಂಬ ವ್ಯತ್ಯಾಸವನ್ನು ಅವರು ಗೌರವಿಸಿದರು.

ಅಡುಗೆಮನೆಯ ದೃಶ್ಯದಲ್ಲಿ ರೇಚಲ್‌ಳ ಹಿಂದೆ ಮಬ್ಬಾಗಿ ನಿಂತ ಡೆಕಾರ್ಡ್‌ನ ಕಣ್ಣುಗಳು ರೆಪ್ಲಿಕಂಟ್‌ಗಳ ಕಣ್ಣಿನಂತೆ ಕೆಂಪಾಗಿ ಹೊಳೆಯುವುದನ್ನೂ ಕೆಲವರು ಮುಂದಿಡುತ್ತಾರೆ. ಬೇಕೆಂದೇ ಹಾಗೆ ಮಾಡಿದ್ದೋ, ಅವಳಿಗಾಗಿ ಇಟ್ಟ ಬೆಳಕು ನಟನ ಕಣ್ಣಿಗೂ ಬಿದ್ದದ್ದೋ ಎಂಬ ಜಗಳ ಅಲ್ಲಿಂದ ಶುರುವಾಗುತ್ತದೆ. ನನಗೆ ಆ ಜಗಳದಲ್ಲಿ ಹೆಚ್ಚು ಆಸಕ್ತಿಯಿಲ್ಲ. ಹೊಳಪು ತೆರೆಯ ಮೇಲಿದೆ, ನೋಡಿದವರಿಗೆ ಅದು ಕಾಣುತ್ತದೆ, ಅಷ್ಟು ಸಾಕು.

ಇನ್ನು "ನಿರ್ದೇಶಕರೇ ಹೇಳಿದ್ದಾರೆ" ಎಂಬ ಮಾತಿಗೆ ಬರೋಣ. 2000ನೇ ಇಸವಿಯಲ್ಲಿ ಬ್ರಿಟನ್ನಿನ ಒಂದು ಟೆಲಿವಿಷನ್ ಸಾಕ್ಷ್ಯಚಿತ್ರದಲ್ಲಿ ಸ್ಕಾಟ್ ಡೆಕಾರ್ಡ್ ರೆಪ್ಲಿಕಂಟ್ ಎಂದು ಸ್ಪಷ್ಟವಾಗಿ ಹೇಳಿದರು, ಆಮೇಲೆಯೂ ಅದೇ ಮಾತನ್ನು ಹೇಳುತ್ತಾ ಬಂದಿದ್ದಾರೆ. ಡೆಕಾರ್ಡ್ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ದಶಕಗಳ ಕಾಲ ಇದನ್ನು ಒಪ್ಪಲಿಲ್ಲ. ಪ್ರೇಕ್ಷಕರು ತಮ್ಮವನೆಂದು ಅಂಟಿಕೊಳ್ಳಲು ತೆರೆಯ ಮೇಲೆ ಒಬ್ಬನಾದರೂ ಮನುಷ್ಯ ಇರಬೇಕು ಎಂಬುದು ಅವರ ನಿಲುವಾಗಿತ್ತು. ಅದೇ ಫೋರ್ಡ್ 2023ರ ಒಂದು ಸಂದರ್ಶನದಲ್ಲಿ ತಾನು ರೆಪ್ಲಿಕಂಟ್ ಎಂಬುದು ತನಗೆ ಯಾವಾಗಲೂ ತಿಳಿದಿತ್ತು, ಅದನ್ನು ಒಪ್ಪದೆ ಎದುರು ನಿಲ್ಲಬೇಕೆಂದು ಮಾತ್ರ ಬಯಸಿದ್ದೆ ಎಂಬರ್ಥದ ಮಾತನ್ನಾಡಿದರು. ಮೊದಲ ಚಿತ್ರಕಥೆಗಳನ್ನು ಬರೆದ ಹ್ಯಾಂಪ್ಟನ್ ಫ್ಯಾಂಚರ್ ಡೆಕಾರ್ಡ್‌ನನ್ನು ಮನುಷ್ಯನಾಗಿಯೇ ಕಲ್ಪಿಸಿಕೊಂಡಿದ್ದರು, ಆದರೆ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುವುದು ಅವರಿಗೆ ಇಷ್ಟ. ಮೂಲ ಕಾದಂಬರಿಯನ್ನು 1968ರಲ್ಲಿ ಪ್ರಕಟಿಸಿದ ಫಿಲಿಪ್ ಕೆ. ಡಿಕ್ ಅವರ ಡೆಕಾರ್ಡ್ ಮನುಷ್ಯ. ಕಾದಂಬರಿಯಲ್ಲಿ ಅವನು ತನ್ನ ಬಗ್ಗೆಯೇ ಅನುಮಾನಪಡುವ ಸಂದರ್ಭವಿದ್ದರೂ ಕಥೆ ಆ ಅನುಮಾನವನ್ನು ನಿಜ ಮಾಡುವುದಿಲ್ಲ. ಡಿಕ್ ಚಿತ್ರದ ಕೆಲವು ದೃಶ್ಯಗಳನ್ನು ನೋಡಿ ಮೆಚ್ಚಿಕೊಂಡಿದ್ದರು, ಆದರೆ ಅದು ಬಿಡುಗಡೆಯಾಗುವ ಮೊದಲೇ, 1982ರ ಮಾರ್ಚ್‌ನಲ್ಲಿ, ತೀರಿಕೊಂಡರು.

ಇವರಲ್ಲಿ ಕರ್ತೃ ಯಾರು? ಕಾದಂಬರಿಗೆ ಒಬ್ಬ ಕರ್ತೃವಿರುತ್ತಾನೆ. ಸಿನಿಮಾಕ್ಕೆ ಹಾಗೆ ಒಬ್ಬನನ್ನು ತೋರಿಸುವುದು ಕಷ್ಟ, ಮತ್ತು ಈ ಸಿನಿಮಾಕ್ಕಂತೂ ಅದು ಅಸಾಧ್ಯ. ಫ್ಯಾಂಚರ್ ಬರೆದದ್ದನ್ನು ಡೇವಿಡ್ ಪೀಪಲ್ಸ್ ತಿದ್ದಿ ಬರೆದರು. ಸಾಯುವ ಮುನ್ನ ರಾಯ್ ಬ್ಯಾಟಿ ಆಡುವ ಪ್ರಸಿದ್ಧ ಮಾತುಗಳು ಚಿತ್ರಕಥೆಯಲ್ಲಿ ಇನ್ನೂ ಉದ್ದವಾಗಿದ್ದವು. ನಟ ರುಟ್ಗರ್ ಹಾವರ್ ಅವನ್ನು ಕತ್ತರಿಸಿ ಚಿಕ್ಕದಾಗಿಸಿದರು, ಆ ಕ್ಷಣಗಳೆಲ್ಲ ಮಳೆಯಲ್ಲಿ ಬಿದ್ದ ಕಣ್ಣೀರಿನಂತೆ ಕಾಲದಲ್ಲಿ ಕಳೆದುಹೋಗುತ್ತವೆ ಎಂಬ ಸಾಲನ್ನು ತಾವೇ ಸೇರಿಸಿದರು. ಇಡೀ ಚಿತ್ರದಲ್ಲಿ ಜನ ನೆನಪಿಟ್ಟುಕೊಂಡಿರುವ ಸಾಲು ಅದು, ಮತ್ತು ಅದು ನಿರ್ದೇಶಕರದ್ದೂ ಅಲ್ಲ, ಚಿತ್ರಕಥೆಗಾರರದ್ದೂ ಅಲ್ಲ. ಇನ್ನೊಂದು ದಿಕ್ಕಿನಲ್ಲಿ, ಡೆನ್ವರ್ ಮತ್ತು ಡಲ್ಲಾಸ್‌ನಲ್ಲಿ ನಡೆದ ಪೂರ್ವಪ್ರದರ್ಶನಗಳಲ್ಲಿ ಪ್ರೇಕ್ಷಕರ ಪ್ರತಿಕ್ರಿಯೆ ಚೆನ್ನಾಗಿರಲಿಲ್ಲವೆಂದು ಹಣ ಹಾಕಿದವರು ಡೆಕಾರ್ಡ್‌ನ ದನಿಯಲ್ಲಿ ನಿರೂಪಣೆಯನ್ನೂ, ಹಸಿರು ಬೆಟ್ಟಗಳ ನಡುವೆ ಇಬ್ಬರೂ ಕಾರಿನಲ್ಲಿ ಸಾಗುವ ಸುಖಾಂತ್ಯವನ್ನೂ ಸೇರಿಸುವಂತೆ ಮಾಡಿದರು. ಆ ಬೆಟ್ಟಗಳ ವೈಮಾನಿಕ ದೃಶ್ಯಗಳು ಸ್ಟ್ಯಾನ್ಲಿ ಕುಬ್ರಿಕ್ ತಮ್ಮ 'ದಿ ಶೈನಿಂಗ್' ಚಿತ್ರಕ್ಕೆಂದು ತೆಗೆಸಿ ಬಳಸದೆ ಉಳಿಸಿದ್ದ ತುಣುಕುಗಳು. ಇಂಥ ಕೃತಿಯ ಬಗ್ಗೆ "ಕರ್ತೃವಿನ ಉದ್ದೇಶ" ಎಂದು ಏಕವಚನದಲ್ಲಿ ಮಾತಾಡುವಾಗ ನಾವು ಈ ಎಲ್ಲ ಕೈಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಮರೆಯುತ್ತಿರುತ್ತೇವೆ.

ನಿರ್ದೇಶಕನ ಮಾತಿಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಸಾಕ್ಷಿಯ ಮಾತಿಗಿರುವ ಬೆಲೆಯಿದೆ. ಹತ್ತಿರದಿಂದ ಕಂಡವನ ಸಾಕ್ಷ್ಯವನ್ನು ಗಮನವಿಟ್ಟು ಕೇಳಬೇಕು, ಬೇರೆ ಸಾಕ್ಷಿಗಳ ಮಾತಿನೊಡನೆ ಹೋಲಿಸಬೇಕು, ಯಾವಾಗ ಹೇಳಿದ್ದು ಎಂದು ನೋಡಬೇಕು. ಆದರೆ ಸಾಕ್ಷಿ ತೀರ್ಪು ಕೊಡುವುದಿಲ್ಲ. ಸ್ಕಾಟ್ 1992ರಲ್ಲಿ ಮರಳಿ ಬಂದ ಕನಸಿನ ತುಣುಕನ್ನು 2007ರಲ್ಲಿ ಸಂಪೂರ್ಣ ತಮ್ಮ ಹಿಡಿತದಲ್ಲಿದ್ದ ಆವೃತ್ತಿಯಲ್ಲೂ ಉಳಿಸಿಕೊಂಡರಲ್ಲ, ಅದು ಕೃತಿಯೊಳಗಿನ ಕೆಲಸ. ಅದರೊಂದಿಗೆ ನಾನು ಸೆಣಸಲೇಬೇಕು. ಸಂದರ್ಶನದಲ್ಲಿ ಹೇಳಿದ ಮಾತು ಕೃತಿಯ ಹೊರಗಿನದು. ಮೊದಲನೆಯದನ್ನು ತೋರಿಸಿ ವಾದಿಸುವವರ ಜೊತೆ ರಾತ್ರಿಯಿಡೀ ಚರ್ಚಿಸಲು ನಾನು ಸಿದ್ಧ. ಎರಡನೆಯದನ್ನು ಮಾತ್ರ ತೋರಿಸುವವರು ಚಿತ್ರವನ್ನು ನೋಡುವ ಕೆಲಸದಿಂದ ಬಿಡುಗಡೆ ಕೇಳುತ್ತಿದ್ದಾರೆ ಎಂದೇ ನನಗೆ ಅನ್ನಿಸುತ್ತದೆ.

ಕ್ಯಾನನ್ ಎಂಬುದು ಇದಕ್ಕಿಂತ ಬೇರೆಯದೇ ವಿಷಯ, ಮತ್ತು ಇವೆರಡನ್ನು ಬೆರೆಸುವುದರಿಂದ ಚರ್ಚೆಗಳು ಗೋಜಲಾಗುತ್ತವೆ. ಒಂದು ಕಥಾಲೋಕದಲ್ಲಿ ಯಾವ ಘಟನೆ ನಡೆದದ್ದೆಂದು ಮುಂದಿನ ಕಥೆಗಾರರು ಒಪ್ಪಿಕೊಂಡು ಬರೆಯಬೇಕು ಎಂಬ ನಿರ್ಧಾರವೇ ಕ್ಯಾನನ್. ಅದನ್ನು ಮಾಡುವವರು ಆ ಕಥಾಲೋಕದ ಒಡೆಯರು. ಇದನ್ನು 'ಸ್ಟಾರ್ ವಾರ್ಸ್' ಅಭಿಮಾನಿಗಳಷ್ಟು ನೋವಿನಿಂದ ಕಲಿತವರು ಬೇರೆ ಇಲ್ಲ. 1991ರಿಂದ ಟಿಮೊಥಿ ಜಾನ್ ಮತ್ತು ಇತರರು ಬರೆದ ಕಾದಂಬರಿಗಳು ಮೂರು ಚಿತ್ರಗಳ ನಂತರದ ಕಥೆಯನ್ನು ಮುಂದುವರಿಸಿದ್ದವು. ರಾಜಧಾನಿ ಗ್ರಹಕ್ಕೆ ಜಾನ್ ತಮ್ಮ ಕಾದಂಬರಿಯಲ್ಲಿ ಕೊಟ್ಟ ಕೊರಸಾಂಟ್ ಎಂಬ ಹೆಸರನ್ನು 1999ರ ಚಿತ್ರವೂ ಬಳಸಿಕೊಂಡಿತು. ಆ ಚಿತ್ರಗಳನ್ನು ತಯಾರಿಸಿದ ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನು ಡಿಸ್ನಿ ಸಂಸ್ಥೆ 2012ರಲ್ಲಿ ಕೊಂಡುಕೊಂಡ ನಂತರ, 2014ರ ಏಪ್ರಿಲ್‌ನಲ್ಲಿ ಆ ಕಾದಂಬರಿಗಳನ್ನೆಲ್ಲ 'ಲೆಜೆಂಡ್ಸ್' ಎಂಬ ಹಣೆಪಟ್ಟಿಯಡಿ ಅಧಿಕೃತ ಕಥೆಯಿಂದ ಬೇರ್ಪಡಿಸಲಾಯಿತು. ಜಾನ್ ಸೃಷ್ಟಿಸಿದ ಥ್ರಾನ್ ಎಂಬ ಸೇನಾನಿ ಹೀಗೆ ಹೊರಹೋದವನು 2016ರಲ್ಲಿ ಅನಿಮೇಷನ್ ಸರಣಿಯ ಮೂಲಕ ಮತ್ತೆ ಒಳಬಂದ. ಈ ನಡುವಿನ ಎರಡು ವರ್ಷ ಅವನ ಕಥೆಯನ್ನು ಪ್ರೀತಿಸಿದವರಿಗೆ ಆ ಪುಸ್ತಕಗಳಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಮುಂದೆ ಬರೆಯುವವರಿಗಿದ್ದ ಕಟ್ಟುಪಾಡು ಮಾತ್ರ.

ಅದೇ ಕಥಾಲೋಕದಲ್ಲಿ ಕರ್ತೃವಿನ ಉದ್ದೇಶದ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದ್ದಿತು. 'ಸ್ಟಾರ್ ವಾರ್ಸ್' ಸೃಷ್ಟಿಸಿದ ಜಾರ್ಜ್ ಲ್ಯೂಕಾಸ್ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹಳೆಯ ಚಿತ್ರಗಳನ್ನು ಲಾಭಕ್ಕಾಗಿ ತಿದ್ದುವವರ ವಿರುದ್ಧ ಕಟುವಾಗಿ ಮಾತಾಡಿದ್ದರು. ಅವರೇ 1997ರಲ್ಲಿ ತಮ್ಮ 1977ರ ಚಿತ್ರವನ್ನು ತಿದ್ದಿ, ಮದ್ಯದಂಗಡಿಯಲ್ಲಿ ನಾಯಕರಲ್ಲೊಬ್ಬನಾದ ಹಾನ್ ಸೋಲೋಗಿಂತ ಮೊದಲು ಅವನನ್ನು ಹಿಡಿಯಲು ಬಂದ ಗ್ರೀಡೋ ಗುಂಡು ಹಾರಿಸುವಂತೆ ಮಾಡಿದರು. ಆ ಕ್ಷಣವನ್ನು 2004ರಲ್ಲಿ ಮತ್ತೆ, 2019ರಲ್ಲಿ ಮತ್ತೊಮ್ಮೆ ಬದಲಿಸಿದ ಆವೃತ್ತಿಗಳು ಬಂದವು. ತನ್ನ ಕೃತಿಯನ್ನು ತಿದ್ದುವ ಹಕ್ಕು ಕರ್ತೃವಿಗಿದೆ ಎಂದು ನಾನು ನಂಬುತ್ತೇನೆ. ತಿದ್ದುವ ಮೊದಲಿನ ಕೃತಿಯನ್ನು ಜನರ ಕೈಗೆ ಸಿಗದಂತೆ ಮಾಡುವ ಹಕ್ಕು ಯಾರಿಗೂ ಇಲ್ಲ ಎಂದೂ ಅಷ್ಟೇ ಬಲವಾಗಿ ನಂಬುತ್ತೇನೆ. ಈ ವಿಷಯದಲ್ಲಿ 'ಬ್ಲೇಡ್ ರನ್ನರ್' ಅಭಿಮಾನಿಗಳು ಪುಣ್ಯವಂತರು. 2007ರ ಡಿವಿಡಿ ಸಂಗ್ರಹದಲ್ಲಿ ಫೈನಲ್ ಕಟ್ ಜೊತೆಗೆ 1982ರ ಎರಡು ಚಿತ್ರಮಂದಿರ ಆವೃತ್ತಿಗಳು, 1992ರ ಆವೃತ್ತಿ, ಬಿಡುಗಡೆಗೆ ಮುಂಚಿನ ಕರಡು ಪ್ರತಿ, ಹೀಗೆ ಐದೂ ಒಟ್ಟಿಗೆ ಬಂದವು. ಯಾವುದು ಹೇಗಿತ್ತು ಎಂದು ನಾವು ಇವತ್ತು ಪಕ್ಕಪಕ್ಕದಲ್ಲಿಟ್ಟು ನೋಡಬಹುದಾದ್ದರಿಂದಲೇ ಮೇಲೆ ಹೇಳಿದ ಯೂನಿಕಾರ್ನ್‌ನ ಎರಡು ಅರ್ಥಗಳ ಬಗ್ಗೆ ಮಾತಾಡುವುದು ಸಾಧ್ಯವಾಗಿದೆ.

2017ರಲ್ಲಿ ಬಂದ 'ಬ್ಲೇಡ್ ರನ್ನರ್ 2049' ಕ್ಯಾನನ್‌ನ ಅಧಿಕಾರವನ್ನು ಬಳಸಿ ಈ ಪ್ರಶ್ನೆಯನ್ನು ಮುಗಿಸಿಬಿಡಬಹುದಿತ್ತು. ನಿರ್ದೇಶಕ ಡೆನಿ ವಿಲ್‌ನೂವ್ ಅದನ್ನು ಮಾಡಲಿಲ್ಲ. ಸ್ಕಾಟ್ ಅದರ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದರು, ಫ್ಯಾಂಚರ್ ಮೈಕಲ್ ಗ್ರೀನ್ ಜೊತೆ ಸೇರಿ ಚಿತ್ರಕಥೆ ಬರೆದಿದ್ದರು, ಡೆಕಾರ್ಡ್ ಆಗಿ ಫೋರ್ಡ್ ಮರಳಿದ್ದರು. ಎಂದರೆ ಮೂರು ಬೇರೆ ಬೇರೆ ಅಭಿಪ್ರಾಯಗಳು ಒಂದೇ ಚಿತ್ರದಲ್ಲಿ ಸೇರಿದ್ದವು. ಕೈಗಾರಿಕೋದ್ಯಮಿ ವ್ಯಾಲೇಸ್ ವಯಸ್ಸಾದ ಡೆಕಾರ್ಡ್‌ನನ್ನು ಎದುರಿಗೆ ಕೂರಿಸಿಕೊಂಡು, ನೀನು ರೇಚಲ್‌ಳನ್ನು ಕಂಡೊಡನೆ ಮರುಳಾಗುವಂತೆಯೇ ನಿನ್ನನ್ನು ರೂಪಿಸಿದ್ದರೋ ಏನೋ ಎಂದು ಕೆಣಕುತ್ತಾನೆ, ರೂಪಿಸಿದ್ದರೆ ಎಂಬ ಷರತ್ತನ್ನೂ ತಾನೇ ಸೇರಿಸುತ್ತಾನೆ. ಡೆಕಾರ್ಡ್ ತನಗೆ ಯಾವುದು ನಿಜವೆಂದು ಗೊತ್ತಿದೆ ಎನ್ನುತ್ತಾನೆಯೇ ಹೊರತು ಅದು ಏನೆಂದು ಬಿಡಿಸಿ ಹೇಳುವುದಿಲ್ಲ. ಪಾಳುಬಿದ್ದ ಕಟ್ಟಡದಲ್ಲಿ ಅವನ ಜೊತೆಗಿರುವ ನಾಯಿ ನಿಜವಾದದ್ದೇ ಎಂದು ಆ ಚಿತ್ರದ ನಾಯಕ 'ಕೆ' ಕೇಳಿದಾಗ, ಅದನ್ನೇ ಕೇಳು ಎಂದು ಡೆಕಾರ್ಡ್ ಹೇಳುವ ಪುಟ್ಟ ಸಂಭಾಷಣೆ ಇಡೀ ವಿವಾದದ ಬಗ್ಗೆ ಚಿತ್ರ ತಳೆದ ನಿಲುವು ಎಂದು ನಾನು ಓದುತ್ತೇನೆ. ಆದರೂ ಆ ಚಿತ್ರ ತಟಸ್ಥವಾಗಿಯೇನೂ ಉಳಿದಿಲ್ಲ. ರೆಪ್ಲಿಕಂಟ್ ಆದ ರೇಚಲ್ ಮಗುವನ್ನು ಹೆತ್ತಳು ಎಂಬುದು ಅದರ ಕಥೆಯ ಬೇರು. ಆ ಮಗುವಿನ ತಂದೆ ಮನುಷ್ಯನಾದರೆ ಅದು ಎರಡು ಕುಲಗಳ ನಡುವಿನ ಗೋಡೆ ಒಡೆದ ಕಥೆ, ರೆಪ್ಲಿಕಂಟ್ ಆದರೆ ಒಂದು ಹೊಸ ಕುಲ ತನ್ನ ಕಾಲಮೇಲೆ ತಾನು ನಿಂತ ಕಥೆ. ಎರಡೂ ದೊಡ್ಡ ಕಥೆಗಳೇ, ಮತ್ತು ಎರಡನ್ನೂ ಚಿತ್ರ ತಾಳಿಕೊಳ್ಳುತ್ತದೆ.

ನನ್ನ ಓದು ಯಾವುದು ಎಂದು ಹೇಳದೆ ಇದನ್ನು ಮುಗಿಸುವುದು ಸರಿಯಲ್ಲ. ನಾನು ಡೆಕಾರ್ಡ್‌ನನ್ನು ಮನುಷ್ಯನೆಂದೇ ಓದುತ್ತೇನೆ, ಮತ್ತು ಅದಕ್ಕೆ ಕಾರಣ ಮಳೆ ಸುರಿಯುವ ಛಾವಣಿಯ ದೃಶ್ಯ. ಡೆಕಾರ್ಡ್ ಚಿತ್ರದಲ್ಲಿ ತಾನೇ ಕೈಯಾರೆ ಕೊಲ್ಲುವುದು ಇಬ್ಬರನ್ನು, ಇಬ್ಬರೂ ಹೆಂಗಸರು, ಅವರಲ್ಲಿ ಜೋರಾ ಗಾಜಿನ ಗೋಡೆಗಳನ್ನು ಒಡೆದುಕೊಂಡು ಪ್ರಾಣಭಯದಿಂದ ಓಡುತ್ತಿರುವಾಗ ಅವಳ ಬೆನ್ನಿಗೆ ಗುಂಡು ಹೊಡೆಯುತ್ತಾನೆ. ಲಿಯೋನ್‌ನಿಂದ ಅವನನ್ನು ಉಳಿಸುವವಳು ರೇಚಲ್. ಕೊನೆಗೆ ತೊಲೆಗೆ ಜೋತುಬಿದ್ದು ಇನ್ನೇನು ಕೈ ಜಾರಿತು ಎನ್ನುವಾಗ ಅವನ ಮಣಿಕಟ್ಟನ್ನು ಹಿಡಿದು ಮೇಲೆತ್ತುವವನು ಅವನು ಬೇಟೆಯಾಡಲು ಬಂದ ರಾಯ್ ಬ್ಯಾಟಿ. ಬ್ಯಾಟಿಗೆ ಬದುಕಲು ನಿಮಿಷಗಳಷ್ಟೇ ಉಳಿದಿವೆ, ಸೇಡು ತೀರಿಸಿಕೊಳ್ಳಲು ಎಲ್ಲ ಕಾರಣವೂ ಇದೆ. ಮನುಷ್ಯ ಕಳೆದುಕೊಂಡ ಕರುಣೆಯನ್ನು ಮನುಷ್ಯ ತಯಾರಿಸಿದ ಜೀವ ಮನುಷ್ಯನಿಗೇ ತೋರಿಸಿಕೊಡುವ ಈ ಘಳಿಗೆಯ ಭಾರ ಡೆಕಾರ್ಡ್ ರೆಪ್ಲಿಕಂಟ್ ಆದೊಡನೆ ಬೇರೆಡೆಗೆ ಜಾರುತ್ತದೆ. ಆಗ ಅದು ಒಬ್ಬ ಗುಲಾಮ ಇನ್ನೊಬ್ಬ ಗುಲಾಮನನ್ನು, ತಾನು ಗುಲಾಮನೆಂದು ಅರಿಯದವನನ್ನು, ಉಳಿಸಿದ ಕಥೆಯಾಗುತ್ತದೆ. ಹಾಗೆ ಓದುವವರು ಆ ಕಥೆಯಲ್ಲೂ ಆಳವಿದೆ ಎನ್ನುತ್ತಾರೆ, ಮತ್ತು ಅವರ ಮಾತಿನಲ್ಲಿ ಸತ್ಯವಿದೆ: ತನ್ನ ಬಂಧುಗಳನ್ನೇ ಕೊಲ್ಲಲು ಬಳಕೆಯಾದವನ ದುರಂತ ಸಣ್ಣದಲ್ಲ. ಅವರ ಜೊತೆ ಮಾತಾಡುವಾಗಲೆಲ್ಲ ನನಗೆ ಚಿತ್ರದ ಯಾವುದಾದರೂ ಒಂದು ಮೂಲೆ ಹೊಸದಾಗಿ ಕಾಣುತ್ತದೆ. ಉದಾಹರಣೆಗೆ, ರೆಪ್ಲಿಕಂಟ್‌ಗಳನ್ನು ಗುರುತಿಸಲು ಬಳಸುವ ನಿನ್ನ ಆ ಪರೀಕ್ಷೆಯನ್ನು ನೀನೇ ಎಂದಾದರೂ ತೆಗೆದುಕೊಂಡಿದ್ದೀಯಾ ಎಂದು ರೇಚಲ್ ಕೇಳುವ ಹೊತ್ತಿಗೆ ಡೆಕಾರ್ಡ್ ನಿದ್ದೆ ಹೋಗಿರುತ್ತಾನೆ ಎಂಬುದನ್ನು ನಾನು ಬರಿಯ ದಣಿವೆಂದು ನೋಡಿದ್ದೆ. ಉತ್ತರ ಕೊಡಲಾರದ ಸ್ಥಿತಿಯಲ್ಲಿ ಚಿತ್ರವೇ ಅವನನ್ನು ಇರಿಸಿದೆ ಎಂದು ಅವರಲ್ಲೊಬ್ಬರು ತೋರಿಸಿದ ಮೇಲೆ ಆ ದೃಶ್ಯ ನನಗೆ ಹಿಂದಿನಂತೆ ಕಂಡಿಲ್ಲ.

'ಬ್ಲೇಡ್ ರನ್ನರ್ 2099' ಎಂಬ ಸರಣಿಯನ್ನು ಅಮೆಜಾನ್ 2022ರಲ್ಲಿ ಘೋಷಿಸಿದೆ. ಅದರಲ್ಲೋ ಅದರ ನಂತರ ಬರುವ ಇನ್ನೊಂದರಲ್ಲೋ ಡೆಕಾರ್ಡ್ ರೆಪ್ಲಿಕಂಟ್ ಆಗಿದ್ದನೆಂದು ಯಾವುದೋ ಕಡತದ ಮೂಲಕ ನೇರವಾಗಿ ಹೇಳಿಬಿಟ್ಟರೆ, ಆ ಕಥಾಲೋಕದ ಕ್ಯಾನನ್ ಅಂದಿನಿಂದ ಅದೇ ಎಂದು ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಆಮೇಲೆ 1982ರ ಚಿತ್ರವನ್ನು ಹಾಕಿಕೊಂಡು, ಬ್ಯಾಟಿ ಆ ಮಣಿಕಟ್ಟನ್ನು ಹಿಡಿಯುವ ದೃಶ್ಯ ಹೊಸ ಮಾಹಿತಿಯಿಂದ ಹಿಗ್ಗಿದೆಯೋ ಕುಗ್ಗಿದೆಯೋ ಎಂದು ನೋಡುತ್ತೇನೆ. ಕುಗ್ಗಿದ್ದರೆ ಕ್ಯಾನನ್ ಒಂದು ಕಡೆ, ನನ್ನ ಓದು ಇನ್ನೊಂದು ಕಡೆ ಇರುತ್ತವೆ. ಹಿಗ್ಗಿದ್ದರೆ ಇಷ್ಟು ವರ್ಷ ನನ್ನೊಡನೆ ವಾದಿಸಿದವರ ಪಕ್ಷಕ್ಕೆ ಸಂತೋಷದಿಂದ ಸೇರುತ್ತೇನೆ.